‘ಅಳಿಸಬೇಡಿ’ ಎಂದು ಬರೆದಿದ್ದ ಕ್ಯಾಸೆಟ್

ಕಳೆದ ತಿಂಗಳು ರೌಂಡ್ ರಾಕಿನ ನಮ್ಮ ಬಳಗದ ಒಂದು ಮನೆಯವರು ಬೇರೆ ಊರಿಗೆ ಹೊರಟಿದ್ದರು. ಸಾಮಾನು ಕಟ್ಟೋಕೆ ನಾವು ನಾಲ್ಕೈದು ಜನ ಹೋಗಿದ್ವಿ. ಗ್ಯಾರೇಜಿನ ಮೇಲಿನ ಹಲಗೆಯಲ್ಲಿ ಒಂದು ರಟ್ಟಿನ ಡಬ್ಬ, ಅದರೊಳಗೆ ಹನ್ನೊಂದು ವಿಡಿಯೊ ಕ್ಯಾಸೆಟ್. ಒಂದರ ಬೆನ್ನಿನ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ, ದುಂಡು ಅಕ್ಷರದಲ್ಲಿ ಹೀಗೆ ಬರೆದಿತ್ತು: “ಉದಯ ಟಿವಿ, ಯುಗಾದಿ, ಅಳಿಸಬೇಡಿ.”

ಬರೆದವರು ಆ ಮನೆಯ ಅಜ್ಜಿ. ಮಗ ಅಮೆರಿಕಕ್ಕೆ ಬಂದ ಹೊಸದರಲ್ಲಿ, ಹಬ್ಬದ ದಿನ ಟಿವಿಯಲ್ಲಿ ಬಂದದ್ದನ್ನು ವಿಸಿಆರ್‌ನಲ್ಲಿ ಹಿಡಿದಿಟ್ಟು, ಊರಿಂದ ಬರೋರ ಕೈಲಿ ಚಟ್ನಿಪುಡಿ ಜೊತೆ ಕಳಿಸಿದ್ದರಂತೆ. ಅಜ್ಜಿ ಈಗಿಲ್ಲ. ಕ್ಯಾಸೆಟ್ ಎಸೆಯೋಕೆ ಯಾರಿಗೂ ಮನಸ್ಸಾಗಲಿಲ್ಲ, ನೋಡೋಣ ಅಂದ್ರೆ ಪ್ಲೇಯರ್ ಇಲ್ಲ. ಕೊನೆಗೆ ಬಳಗದ ಇನ್ನೊಬ್ಬರ ಮನೆಯಲ್ಲಿ ಹಳೇ ವಿಸಿಆರ್ ಸಿಕ್ಕಿತು. ಒಂದು ಭಾನುವಾರ ಎಲ್ಲರೂ ಕೂತು ನೋಡಿದ್ವಿ.

ಹಬ್ಬದ ಸಿನಿಮಾ ಇತ್ತು. ಆ ಸಿನಿಮಾ ಈಗ ಫೋನಿನಲ್ಲೇ ಸಿಗುತ್ತೆ, ಅದೇನು ದೊಡ್ಡದಲ್ಲ. ಆದರೆ ಅಜ್ಜಿ ಜಾಹೀರಾತು ಬಂದಾಗೆಲ್ಲ ರೆಕಾರ್ಡಿಂಗ್ ನಿಲ್ಲಿಸುತ್ತಿದ್ದವರು, ಒಂದು ಸಲ ಮರೆತಿದ್ದಾರೆ. ಬಹುಶಃ ಒಲೆ ಮೇಲೆ ಒಬ್ಬಟ್ಟಿನ ಹೂರಣ ಇತ್ತೇನೋ. ಆ ಐದಾರು ನಿಮಿಷದಲ್ಲಿ ಸೀರೆ ಅಂಗಡಿ ಜಾಹೀರಾತು ಬಂತು, ಶುಭಾಶಯ ಹೇಳುವ ನಿರೂಪಕಿ ಬಂದರು, ಪರದೆಯ ಕೆಳಗೆ ಕೇಬಲ್‌ನವರ ಸಾಲು ಓಡಿತು: ಸೋಮವಾರ ಬೆಳಿಗ್ಗೆ ಕೇಬಲ್ ಇರುವುದಿಲ್ಲ, ಬಾಕಿ ಇರುವವರು ದಯವಿಟ್ಟು ಹಣ ಕೊಡಿ. ನಾವೆಲ್ಲ ನಕ್ಕೆವು. ಆ ಮನೆಯ ಯಜಮಾನರು ಮಾತ್ರ ನಗಲಿಲ್ಲ. “ಇದು ನಮ್ಮ ರಸ್ತೆ ಕೇಬಲ್ಲು” ಅಂದರು.

ಇಪ್ಪತ್ತು ನಿಮಿಷ ಆಗುವಷ್ಟರಲ್ಲಿ ಚಿತ್ರ ಓರೆಯಾಗಿ, ಗೆರೆ ಬಿದ್ದು, ಟೇಪು ಸಿಕ್ಕಿಹಾಕಿಕೊಂಡಿತು. ಆವತ್ತಿನ ಮಾತುಕತೆಯಿಂದ ಹುಟ್ಟಿದ್ದು ಈ ಲೇಖನ. ಕನ್ನಡದ ಟಿವಿ ಆಕಾಶದಿಂದ ನಮ್ಮ ಮನೆವರೆಗೆ ಬಂದದ್ದು ಹೇಗೆ, ಆ ಕಾಲದ್ದು ಏನು ಉಳಿದಿದೆ ಅನ್ನೋದನ್ನ ನೋಡೋಣ.

ಮೊದಲು ಕಂಡವರು ಬೆಂಗಳೂರಿನವರಲ್ಲ

ಉಪಗ್ರಹ ಟಿವಿ ಅಂದರೆ ತೊಂಬತ್ತರ ದಶಕ, ಬೆಂಗಳೂರು ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದೇವೆ. ನಿಜಕ್ಕೂ ಕನ್ನಡ ನಾಡಿನಲ್ಲಿ ಉಪಗ್ರಹದಿಂದ ಬಂದ ಟಿವಿಯನ್ನು ಮೊದಲು ನೋಡಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಯವರು. ಅದು 1975ರ ಆಗಸ್ಟ್ 1. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರ ನವೆಂಬರ್ 1ರಂದು. ಅಂದರೆ ರಾಜಧಾನಿಗಿಂತ ಆರು ವರ್ಷ ಮೊದಲು.

ಅದರ ಹೆಸರು ‘ಸೈಟ್’. ಉಪಗ್ರಹದ ಮೂಲಕ ಹಳ್ಳಿಗಳಿಗೆ ಪಾಠ ಹೇಳುವ ಪ್ರಯೋಗ. ಉಪಗ್ರಹ ಅಮೆರಿಕದ್ದು: ನಾಸಾದ ಎಟಿಎಸ್-6. ಒಂದು ವರ್ಷ ಅಮೆರಿಕದ ಮೇಲೆ ಕೆಲಸ ಮಾಡಿದ ಅದನ್ನು ಆಫ್ರಿಕಾದ ಮೇಲಕ್ಕೆ ಸರಿಸಿ, ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಕೊಟ್ಟಿದ್ದರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದ್ದರು. ಅಹಮದಾಬಾದಿನಿಂದ ಮೇಲಕ್ಕೆ ಕಳಿಸಿದ ಕಾರ್ಯಕ್ರಮ 36,000 ಕಿಲೋಮೀಟರ್ ಎತ್ತರದಿಂದ ನೇರವಾಗಿ ಹಳ್ಳಿಗೇ ಇಳಿಯುತ್ತಿತ್ತು. ಅದನ್ನು ಹಿಡಿಯಲು ಕೋಳಿಗೂಡಿಗೆ ಹಾಕುವ ಜಾಲರಿಯಿಂದ ಮಾಡಿದ ಹತ್ತಡಿ ಅಗಲದ ಡಿಶ್.

ಊರಿಗೆ ಒಂದೇ ಟಿವಿ, ಅದೂ ಸಾರ್ವಜನಿಕ ಜಾಗದಲ್ಲಿ. ಬೆಳಿಗ್ಗೆ ಶಾಲೆ ಮಕ್ಕಳಿಗೆ ಒಂದೂವರೆ ಗಂಟೆ, ಸಂಜೆ ದೊಡ್ಡವರಿಗೆ ಎರಡೂವರೆ ಗಂಟೆ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಜೊತೆಗೆ ಹಾಡು-ಆಟ. ಒಂದು ಚಿತ್ರದ ಜೊತೆ ಎರಡು ಧ್ವನಿ ಕಳಿಸುವ ಅನುಕೂಲ ಇತ್ತು, ಹಾಗಾಗಿ ಒಂದೇ ಚಿತ್ರವನ್ನು ಎರಡು ಭಾಷೆಯವರು ತಮ್ಮ ತಮ್ಮ ಮಾತಿನಲ್ಲಿ ಕೇಳಬಹುದಿತ್ತು. ಇದನ್ನು ನೋಡೋಕೆ ಶ್ರೀಲಂಕಾದಲ್ಲಿದ್ದ ಬ್ರಿಟಿಷ್ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಅವರ ಮನೆಗೂ ಒಂದು ಡಿಶ್ ಹಾಕಿಕೊಟ್ಟಿದ್ದರು. ಭೂಮಿ ಸುತ್ತುವ ವೇಗದಲ್ಲೇ ಸುತ್ತುವ ಉಪಗ್ರಹದಿಂದ ಜಗತ್ತಿಗೆಲ್ಲ ಪ್ರಸಾರ ಮಾಡಬಹುದು ಅಂತ 1945ರಲ್ಲೇ ಬರೆದವರು ಅವರು.

1976ರ ಜುಲೈ 31ಕ್ಕೆ ಗಡುವು ಮುಗಿಯಿತು. ಅಮೆರಿಕದವರು ಉಪಗ್ರಹವನ್ನು ವಾಪಸ್ ಸರಿಸಿಕೊಂಡರು. ಹಳ್ಳಿಯ ಪರದೆಗಳು ಖಾಲಿಯಾದವು. ಮುಂದೆ 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಟ್ರಾನ್ಸ್‌ಮಿಟರ್ ಬಂದು ಕೆಲವು ಹಳ್ಳಿಗಳಿಗೆ ಮತ್ತೆ ಚಿತ್ರ ಸಿಕ್ಕಿತು.

ಹಾಸನ, ಹ್ಯೂಸ್ಟನ್

ನಾವು ಟೆಕ್ಸಸ್‌ನಲ್ಲಿರೋರು ತಿಳಿದಿರಬೇಕಾದ ಮಾತು ಇದು. 1983ರ ಆಗಸ್ಟ್ 30ರ ರಾತ್ರಿ ಚಾಲೆಂಜರ್ ನೌಕೆ ಫ್ಲಾರಿಡಾದಿಂದ ಹಾರಿತು. ಹೊಟ್ಟೆಯಲ್ಲಿ ನಮ್ಮ ಇನ್ಸಾಟ್-1ಬಿ. ನೌಕೆಯ ಹಾರಾಟವನ್ನು ನೋಡಿಕೊಂಡದ್ದು ಹ್ಯೂಸ್ಟನ್ನಿನ ಜಾನ್ಸನ್ ಬಾಹ್ಯಾಕಾಶ ಕೇಂದ್ರ. ಉಪಗ್ರಹ ಹೊರಬಿದ್ದ ಮೇಲೆ ಅದರ ಲಗಾಮು ಹಿಡಿದದ್ದು ಹಾಸನದ ಇಸ್ರೊ ನಿಯಂತ್ರಣ ಕೇಂದ್ರ. ಸೌರಫಲಕ ಬಿಚ್ಚಿಕೊಳ್ಳದೆ ಎರಡು ವಾರ ಎಲ್ಲರ ಜೀವ ಬಾಯಿಗೆ ಬಂದಿತ್ತು. ಹಿಂದಿನ ವರ್ಷವಷ್ಟೇ ಇನ್ಸಾಟ್-1ಎ ಕೆಟ್ಟು ಹೋಗಿತ್ತಲ್ಲ! ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಫಲಕ ಬಿಚ್ಚಿತು. ಎಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ನೋಡಲು ಪಕ್ಕದ ಮನೆಗೆ ಓಡಿದ ನಮ್ಮಲ್ಲಿ ಎಷ್ಟೋ ಜನಕ್ಕೆ ಚಿತ್ರ ಬಂದದ್ದು ಈ ಇನ್ಸಾಟ್ ದಾರಿಯಿಂದ.

ಇನ್ನೊಂದು ಕಥೆ ಇದಕ್ಕಿಂತ ಸೊಗಸು. 1984ರ ಫೆಬ್ರವರಿಯಲ್ಲಿ ನೌಕೆಯಿಂದ ಬಿಟ್ಟ ವೆಸ್ಟಾರ್-6 ಅನ್ನೋ ಅಮೆರಿಕದ ಉಪಗ್ರಹ ದಾರಿ ತಪ್ಪಿ ಕೆಳಗಿನ ಕಕ್ಷೆಯಲ್ಲೇ ಉಳಿಯಿತು. ಅದೇ ನವೆಂಬರ್‌ನಲ್ಲಿ ಡಿಸ್ಕವರಿ ನೌಕೆಯವರು ಹೋಗಿ ಅದನ್ನು ಕೈಯಿಂದಲೇ ಹಿಡಿದು ಭೂಮಿಗೆ ತಂದರು. ಬಾಹ್ಯಾಕಾಶದಲ್ಲೇ ‘ಮಾರಾಟಕ್ಕಿದೆ’ ಅಂತ ಒಂದು ಫಲಕ ಹಿಡಿದು ಫೋಟೊ ತೆಗೆಸಿಕೊಂಡರು. ತಮಾಷೆಗೆ ಹಿಡಿದದ್ದು ನಿಜವಾಯಿತು. ಅದು ಕೈ ಬದಲಾಗಿ, ರಿಪೇರಿಯಾಗಿ, ಏಷ್ಯಾಸ್ಯಾಟ್-1 ಅಂತ ಹೊಸ ಹೆಸರು ಇಟ್ಟುಕೊಂಡು 1990ರ ಏಪ್ರಿಲ್‌ನಲ್ಲಿ ಚೀನಾದಿಂದ ಮತ್ತೆ ಹಾರಿತು. 1991ರಲ್ಲಿ ಹಾಂಕಾಂಗಿನ ಸ್ಟಾರ್ ಟಿವಿ, 1992ರ ಅಕ್ಟೋಬರ್‌ನಲ್ಲಿ ಜೀ ಟಿವಿ ನಮ್ಮ ದೇಶಕ್ಕೆ ಇಳಿದದ್ದು ಇದೇ ಉಪಗ್ರಹದಿಂದ.

ತೆಂಗಿನ ಮರದಿಂದ ಕರೆಂಟ್ ಕಂಬಕ್ಕೆ

ಉಪಗ್ರಹ ಮೇಲಿದ್ದರೆ ಆಯಿತೇ? ಅಲ್ಲಿಂದ ಅಡುಗೆಮನೆ ಪಕ್ಕದ ಹಾಲ್‌ವರೆಗೆ ತಂದವನು ಕೇಬಲ್ ಹುಡುಗ. ಎಂಬತ್ತರ ದಶಕದ ನಡುವಿನಲ್ಲಿ ಮುಂಬಯಿಯ ಅಪಾರ್ಟ್‌ಮೆಂಟುಗಳಲ್ಲಿ ಒಂದು ವಿಸಿಆರ್‌ನಿಂದ ಎಲ್ಲ ಮನೆಗೂ ತಂತಿ ಎಳೆದು ಸಿನಿಮಾ ತೋರಿಸುವ ದಂಧೆ ಶುರುವಾಗಿತ್ತು. 1991ರ ಜನವರಿಯಲ್ಲಿ ಕೊಲ್ಲಿ ಯುದ್ಧವನ್ನು ಸಿಎನ್‌ಎನ್ ನೇರವಾಗಿ ತೋರಿಸಿದಾಗ ಡಿಶ್‌ಗೆ ಬೇಡಿಕೆ ಬಂತು. ಆಮೇಲೆ ಸ್ಟಾರ್ ಬಂದ ಮೇಲೆ ಕೇಳೋದೇ ಬೇಡ.

ನಮ್ಮೂರುಗಳಲ್ಲೂ ಅದೇ. ರೇಡಿಯೊ ರಿಪೇರಿ ಮಾಡುತ್ತಿದ್ದವನೋ ವಿಡಿಯೊ ಲೈಬ್ರರಿ ಇಟ್ಟವನೋ ಸಾಲ ಮಾಡಿ ಮಹಡಿ ಮೇಲೆ ಡಿಶ್ ನಿಲ್ಲಿಸುತ್ತಿದ್ದ. ಒಂದೊಂದು ಚಾನೆಲ್‌ಗೂ ಒಂದೊಂದು ರಿಸೀವರ್. ಅಲ್ಲಿಂದ ಕರಿ ತಂತಿ ತೆಂಗಿನ ಮರದಿಂದ ಕರೆಂಟ್ ಕಂಬಕ್ಕೆ, ಕಂಬದಿಂದ ಸಜ್ಜಾಕ್ಕೆ. ದೂರ ಹೋದಷ್ಟೂ ಚಿತ್ರ ಮಂಕಾಗುತ್ತಿತ್ತು, ಅದಕ್ಕೆ ನಡುನಡುವೆ ಬೂಸ್ಟರ್. ಅವನ ಮನೆಯಲ್ಲಿ ಕರೆಂಟ್ ಹೋದರೆ ಇಡೀ ಬೀದಿಗೆ ಚಾನೆಲ್ ಇಲ್ಲ. ಯಾರ ಮನೆಯಲ್ಲಿ ಪರೀಕ್ಷೆ ಬರೆಯೋ ಮಕ್ಕಳಿದ್ದಾರೆ ಅಂತಲೂ ಅವನಿಗೆ ಗೊತ್ತು. ಮಾರ್ಚ್ ತಿಂಗಳು ಕನೆಕ್ಷನ್ ತೆಗೆಸುತ್ತಿದ್ದರಲ್ಲ!

ಇಷ್ಟೆಲ್ಲ ನಡೆಯುವಾಗ ಇದಕ್ಕೆ ಕಾನೂನೇ ಇರಲಿಲ್ಲ. ಕೇಬಲ್ ಕಾಯ್ದೆ ಬಂದದ್ದು 1995ರಲ್ಲಿ. ಅದೇ ವರ್ಷ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಗಾಳಿಯ ಅಲೆಗಳು ಸರ್ಕಾರದ ಸ್ವತ್ತಲ್ಲ, ಜನರ ಸ್ವತ್ತು ಎಂದು ಹೇಳಿತು. ಖಾಸಗಿ ಚಾನೆಲ್‌ಗಳಿಗೆ ಭಾರತದಿಂದ ಉಪಗ್ರಹಕ್ಕೆ ಕಳಿಸುವ ಅನುಮತಿ ಇರಲಿಲ್ಲ. ಹೀಗಾಗಿ ಕಾರ್ಯಕ್ರಮದ ಟೇಪುಗಳು ವಿಮಾನದಲ್ಲಿ ಹೊರದೇಶಕ್ಕೆ ಹೋಗಿ, ಅಲ್ಲಿಂದ ಆಕಾಶಕ್ಕೇರಿ, ಮತ್ತೆ ನಮ್ಮೂರಿಗೆ ಇಳಿಯುತ್ತಿದ್ದವು.

ಇಂಥ ಹೊತ್ತಿನಲ್ಲಿ, 1994ರ ಜೂನ್ 1ರಂದು, ಉದಯ ಟಿವಿ ಬಂತು. ಒಂದು ವರ್ಷದ ಹಿಂದೆ ತಮಿಳಿನಲ್ಲಿ ಸನ್ ಟಿವಿ ತೆರೆದವರೇ ಇದನ್ನೂ ತೆರೆದರು. ಸ್ಟಾರ್, ಜೀ ನೋಡೋಕೆ ಇಂಗ್ಲಿಷೋ ಹಿಂದಿಯೋ ಬೇಕಿತ್ತು. ಉದಯ ಬಂದ ಮೇಲೆ ಕೇಬಲ್ ಹಾಕಿಸಿ ಅಂತ ಹಟ ಹಿಡಿದವರು ನಮ್ಮ ಅಮ್ಮಂದಿರು, ಅಜ್ಜಿಯರು. ಸರ್ಕಾರದ ಚಂದನ ಕೂಡ ಸುಮ್ಮನೆ ಕೂರಲಿಲ್ಲ, ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ ಬಂದದ್ದು ಅದರಲ್ಲೇ. 2000ದ ಡಿಸೆಂಬರ್ 10ಕ್ಕೆ ಈಟಿವಿ ಕನ್ನಡ ಬಂತು. ಅದು ಈಗಿನ ಕಲರ್ಸ್ ಕನ್ನಡ. 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ. ಆಮೇಲಿನದು ನಿಮಗೇ ಗೊತ್ತು.

ಬೇರೆಯವರ ಮನೆಯಲ್ಲೂ ಇದೇ

ಮುಂದುವರಿದ ದೇಶಗಳಲ್ಲಿ ಎಲ್ಲ ಅಚ್ಚುಕಟ್ಟಾಗಿ ನಡೆಯಿತು ಅಂದುಕೊಳ್ಳಬೇಡಿ. ಬ್ರಿಟನ್ನಿನ ಮೊದಲ ಉಪಗ್ರಹ ಚಾನೆಲ್ ‘ಸ್ಯಾಟಲೈಟ್ ಟೆಲಿವಿಷನ್’ 1982ರ ಏಪ್ರಿಲ್‌ನಲ್ಲಿ ಶುರುವಾದಾಗ ಅದನ್ನು ನೋಡಿದವರು ಬ್ರಿಟನ್ನಿನವರಲ್ಲ, ನಾರ್ವೆ, ಫಿನ್ಲೆಂಡ್ ಕಡೆಯ ಕೇಬಲ್ ಮನೆಯವರು. ಮರ್ಡಾಕ್ ಅದನ್ನು ಕೊಂಡು 1984ರಲ್ಲಿ ‘ಸ್ಕೈ ಚಾನೆಲ್’ ಮಾಡಿದರು. 1989ರ ಫೆಬ್ರವರಿ 5ರಂದು ನಾಲ್ಕು ಚಾನೆಲ್‌ಗಳ ಸ್ಕೈ ಮನೆಮನೆಯ ಡಿಶ್‌ಗೆ ಇಳಿಯಿತು. ಎದುರಾಳಿ ಬಿಎಸ್‌ಬಿ ಚೌಕಾಕಾರದ ಆಂಟೆನಾ ಹಿಡಿದು 1990ರಲ್ಲಿ ಬಂತು. ಇಬ್ಬರೂ ನೀರಿನಂತೆ ಹಣ ಸುರಿದು, ಅದೇ ನವೆಂಬರ್‌ನಲ್ಲಿ ಒಂದಾದರು. ಚೌಕದ ಆಂಟೆನಾ ಕೊಂಡವರ ಕೈಲಿ ಉಳಿದದ್ದು ಬರೀ ಆಂಟೆನಾ.

ನಮ್ಮ ಪಕ್ಕದ ಆಸ್ಟಿನ್ನಿನಲ್ಲೂ 1952ರಿಂದ 1965ರವರೆಗೆ ಇದ್ದದ್ದು ಒಂದೇ ಟಿವಿ ಕೇಂದ್ರ, ಕೆಟಿಬಿಸಿ. ಅದರ ಒಡೆತನ ಲಿಂಡನ್ ಜಾನ್ಸನ್ ಅವರ ಪತ್ನಿ ಲೇಡಿ ಬರ್ಡ್ ಅವರ ಕಂಪನಿಯದು. ಬೇರೆ ಊರಿನ ಚಾನೆಲ್ ನೋಡುವ ಆಸೆಗೇ ಅರವತ್ತರ ದಶಕದಲ್ಲಿ ಇಲ್ಲಿನವರು ಕೇಬಲ್ ಹಾಕಿಸಿಕೊಂಡರು.

ನಾವು ಇಲ್ಲಿಗೆ ಬಂದ ಮೇಲೆ

ತೊಂಬತ್ತರ ದಶಕದಲ್ಲಿ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಕಡೆ ಕೆಲಸಕ್ಕೆ ಬಂದ ನಮಗೆ ಕನ್ನಡ ಅಂದರೆ ಕ್ಯಾಸೆಟ್. ಅದರಲ್ಲೂ ಒಂದು ತೊಡಕು. ಭಾರತದ ಟೇಪು ಪಾಲ್ ಪದ್ಧತಿಯದು, ಚಿತ್ರಕ್ಕೆ 625 ಗೆರೆ. ಇಲ್ಲಿಯದು ಎನ್‌ಟಿಎಸ್‌ಸಿ, 525 ಗೆರೆ. ಊರಿಂದ ಬಂದ ಕ್ಯಾಸೆಟ್ಟನ್ನು ಇಲ್ಲಿನ ವಿಸಿಆರ್‌ಗೆ ಹಾಕಿದರೆ ಚಿತ್ರ ಉರುಳಾಡೋದು. ಎರಡೂ ಓದುವ ವಿಸಿಆರ್ ಇದ್ದ ಮನೆಗೆ ಶನಿವಾರ ಜಾತ್ರೆ.

ಆಮೇಲೆ ಚಿಕ್ಕ ಡಿಶ್ ಬಂತು, ಭಾರತದ ಭಾಷೆಗಳ ಪ್ಯಾಕೇಜು ಬಂತು. ಅಪಾರ್ಟ್‌ಮೆಂಟಿನವರು ಬಾಲ್ಕನಿಯಲ್ಲಿ ಡಿಶ್ ಬೇಡ ಅಂದದ್ದು ನಮ್ಮಲ್ಲಿ ಕೆಲವರಿಗೆ ನೆನಪಿರಬೇಕು. ಬಾಡಿಗೆದಾರ ಒಬ್ಬನೇ ಬಳಸುವ ಬಾಲ್ಕನಿಯಲ್ಲಿ ಒಂದು ಮೀಟರ್‌ವರೆಗಿನ ಡಿಶ್ ಇಡಬಹುದು ಅಂತ ಎಫ್‌ಸಿಸಿ ನಿಯಮ 1999ರಲ್ಲೇ ಬಂದಿತ್ತು. ಗೊತ್ತಿಲ್ಲದೆ ಸುಮ್ಮನಾದೆವು. ಗೊತ್ತಿದ್ದವರಿಗೂ ಬಾಲ್ಕನಿ ದಕ್ಷಿಣಕ್ಕೆ ಇರಬೇಕಿತ್ತು, ಎದುರಿಗೆ ಓಕ್ ಮರ ಇರಬಾರದಿತ್ತು.

ಉಳಿದಿರುವುದು ಎಲ್ಲಿ?

ಈಗ ಎಲ್ಲಾ ಫೋನಿನಲ್ಲಿದೆ ಅಂತೀವಿ. ಸಿನಿಮಾ ಇದೆ, ಜನಪ್ರಿಯ ಧಾರಾವಾಹಿ ಕೆಲವು ಇವೆ. ಆದರೆ ಉದಯದ ಮೊದಲ ವರ್ಷಗಳ ಒಂದು ಸಾಮಾನ್ಯ ಸಂಜೆ, ನಡುವಿನ ನಿರೂಪಣೆ, ಊರಿನ ಅಂಗಡಿಯ ಜಾಹೀರಾತು, ಕೇಬಲ್‌ನವರ ಓಡುವ ಸಾಲು ಎಲ್ಲಿ ಹುಡುಕೋದು? ಬಿಬಿಸಿಯಂಥ ಬಿಬಿಸಿಯೇ ಅರವತ್ತು-ಎಪ್ಪತ್ತರ ದಶಕದಲ್ಲಿ ಎಷ್ಟೋ ಕಾರ್ಯಕ್ರಮಗಳ ಟೇಪನ್ನು ಅಳಿಸಿ ಮತ್ತೆ ಬಳಸಿತು. ‘ಡಾಕ್ಟರ್ ಹೂ’ ಧಾರಾವಾಹಿಯ ಕಾಣೆಯಾದ ಕಂತುಗಳ ಧ್ವನಿ ಇವತ್ತು ಕೇಳಲು ಸಿಗುವುದು, ಅಂದು ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಕೂತ ಮನೆಮಂದಿಯ ದಯೆಯಿಂದ.

ನಮ್ಮ ಕಡೆಯ ಆ ಮನೆಮಂದಿ ಯಾರು ಅಂದರೆ ಈ ಅಜ್ಜಿಯಂಥವರು. ಅವರು ಉಳಿಸಿದ್ದನ್ನು ನಾವು ಗ್ಯಾರೇಜಿನಲ್ಲಿ, ಟೆಕ್ಸಸ್ ಬಿಸಿಲಲ್ಲಿ ಬೇಯಿಸುತ್ತಿದ್ದೇವೆ. ನಾವು ನೋಡಿದ ಹನ್ನೊಂದರಲ್ಲಿ ನಾಲ್ಕು ಆಗಲೇ ಹೋಗಿವೆ.

ಅದಕ್ಕೇ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಊರಿಂದ ಬಂದ ಕ್ಯಾಸೆಟ್ ಇದ್ದರೆ ಇವತ್ತೇ ಗ್ಯಾರೇಜಿನಿಂದ, ಅಟ್ಟದಿಂದ ಒಳಗೆ ತನ್ನಿ. ಪುಸ್ತಕದಂತೆ ನಿಲ್ಲಿಸಿ ಇಡಿ. ಕಿಟಕಿಯ ಗಾಜಿನಲ್ಲಿ ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಪ್ಲೇಯರ್‌ಗೆ ಹಾಕಲೇಬೇಡಿ, ಪ್ಲೇಯರೂ ಕೆಡುತ್ತೆ. ಅದನ್ನು ಶುಚಿ ಮಾಡುವವರೇ ಮಾಡಬೇಕು. ಹಿಂಬದಿಯ ಎಡಮೂಲೆಯ ಚಿಕ್ಕ ಪ್ಲಾಸ್ಟಿಕ್ ಪಟ್ಟಿ ಮುರಿದುಬಿಡಿ, ಮೇಲೆ ಇನ್ನೊಂದು ರೆಕಾರ್ಡ್ ಆಗದು. ಡಿಜಿಟಲ್ ಮಾಡಲು ಅಂಗಡಿಗೆ ಕೊಡುವಾಗ ಇದು ಪಾಲ್ ಟೇಪು ಅಂತ ಮೊದಲೇ ಹೇಳಿ, ಜಾಹೀರಾತು ಕತ್ತರಿಸಬೇಡಿ ಅಂತಲೂ ಹೇಳಿ. ಮಾಡಿಸಿದ್ದನ್ನು ಮನೆಮಟ್ಟಿಗೆ ಇಟ್ಟುಕೊಳ್ಳಿ, ಇಂಟರ್ನೆಟ್ಟಿಗೆ ಹಾಕುವ ಹಕ್ಕು ಚಾನೆಲ್‌ನವರದು.

ಎರಡೂ ಪದ್ಧತಿ ಓದುವ ವಿಸಿಆರ್ ನಮ್ಮ ಬಳಗದಲ್ಲಿ ಈಗ ಒಂದಿದೆ. ಮುಂದಿನ ತಿಂಗಳ ಭೇಟಿಗೆ ಬರುವಾಗ ಒಂದೊಂದು ಕ್ಯಾಸೆಟ್ ತನ್ನಿ, ಜೊತೆಗೆ ಅದನ್ನು ಯಾರು, ಯಾವ ಊರಿನಲ್ಲಿ, ಯಾವ ಹಬ್ಬಕ್ಕೆ ಹಿಡಿದದ್ದು ಅಂತ ಒಂದು ಚೀಟಿ ಬರೆದು ಅಂಟಿಸಿ. ಅಜ್ಜಿಯ ಟೇಪಿನಿಂದ ಇಪ್ಪತ್ತು ನಿಮಿಷ ಉಳಿಸಿಕೊಂಡಿದ್ದೇವೆ. ಸಿನಿಮಾ ಅರ್ಧಕ್ಕೇ ನಿಂತಿದೆ, ಕೇಬಲ್‌ನವರ ಸಾಲು ಪೂರ್ತಿ ಇದೆ. ಬೇಸಿಗೆ ಏರುವ ಮೊದಲು ನಿಮ್ಮ ಡಬ್ಬವನ್ನೂ ಒಮ್ಮೆ ತೆರೆದು ನೋಡಿ.