ಮನೆ ಕೊಳ್ಳುವವರಿಗೆ ಮಿತಾಕ್ಷರೆಯ ಆರು ಮಾತು

ಉಪನೋಂದಣಾಧಿಕಾರಿಗಳ ಕಚೇರಿಯ ಮುಂದೆ ಪತ್ರ ಬರಹಗಾರರು ಕ್ರಯಪತ್ರವನ್ನು ಓದಿ ಹೇಳುವಾಗ ಒಂದು ಸಾಲು ಮಂತ್ರದಂತೆ ಕೇಳಿಸುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳ ಸಹಿತವಾಗಿ ಸ್ವತ್ತನ್ನು ಬಿಟ್ಟುಕೊಟ್ಟಿದ್ದೇನೆ ಎಂಬ ಮಾತು ಅದು. ವಿಜಯನಗರ ಕಾಲದ ಶಿಲಾಶಾಸನಗಳಲ್ಲಿ ಇದೇ ಎಂಟು ಪದಗಳಿವೆ. ಕಲ್ಲಿನಿಂದ ತಾಳೆಗರಿಗೆ, ಅಲ್ಲಿಂದ ಛಾಪಾ ಕಾಗದಕ್ಕೆ, ಈಗ ಕಂಪ್ಯೂಟರಿಗೆ ಅವು ದಾಟಿ ಬಂದಿವೆ. ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕೆಂಬ ಕಾಯ್ದೆ ಬಂದು ಶತಮಾನ ಕಳೆದರೂ ಪತ್ರದಲ್ಲಿ ಮಾತ್ರ ನಿಧಿ ಇಂದಿಗೂ ಕೊಂಡವರದೇ!

ಓದುವುದು ಮುಗಿಯುತ್ತದೆ. ಹೆಬ್ಬೆಟ್ಟು ಒತ್ತಿ, ಫೋಟೋ ತೆಗೆಸಿಕೊಂಡು, ಗಂಡ ಹೆಂಡಿರು ಪತ್ರವನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚುತ್ತಾರೆ. ಇಪ್ಪತ್ತು ವರ್ಷದ ಉಳಿತಾಯ, ಮುಂದಿನ ಇಪ್ಪತ್ತು ವರ್ಷದ ಸಾಲ ಎರಡೂ ಆ ಕಾಗದದಲ್ಲಿವೆ. ಇನ್ನು ಮನೆ ನಮ್ಮದು ಎಂದು ಅವರು ನಂಬುತ್ತಾರೆ. ಆ ನಂಬಿಕೆಯನ್ನು ಕಾನೂನು ಎಷ್ಟರಮಟ್ಟಿಗೆ ಎತ್ತಿಹಿಡಿಯುತ್ತದೆ?

ನಮ್ಮ ದೇಶದಲ್ಲಿ ನೋಂದಣಿಯಾಗುವುದು ಪತ್ರ; ಹಕ್ಕಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ಇಂಥ ದಿನ ಇಂಥವರು ಇಂಥವರಿಗೆ ಹೀಗೆ ಬರೆದುಕೊಟ್ಟರು ಎಂಬುದು ಸರ್ಕಾರಿ ದಾಖಲೆಗೆ ಸೇರುತ್ತದೆ. ಬರೆದುಕೊಟ್ಟವರಿಗೆ ಆ ಅಧಿಕಾರವಿತ್ತೇ ಎಂಬುದಕ್ಕೆ ಸರ್ಕಾರ ಹೊಣೆಯಲ್ಲ. ದಕ್ಷಿಣ ಆಸ್ಟ್ರೇಲಿಯದಲ್ಲಿ 1858ರಲ್ಲಿ ರಾಬರ್ಟ್ ಟೊರೆನ್ಸ್ ಜಾರಿಗೆ ತಂದ ಪದ್ಧತಿಯಲ್ಲಿ ಸರ್ಕಾರವೇ ಮಾಲೀಕತ್ವಕ್ಕೆ ಖಾತರಿ ಕೊಡುತ್ತದೆ. ನಮ್ಮಲ್ಲಿ ಹಾಗಿಲ್ಲ. ಖಾತೆಯ ಮಾತೂ ಇದೇ. ಕಂದಾಯ ಯಾರು ಕಟ್ಟಬೇಕೆಂದು ಹೇಳುವ ಪುಸ್ತಕ ಅದು. ಮನೆ, ನಿವೇಶನಗಳ ನೋಂದಣಿಗೆ ಇ-ಖಾತೆ ಬೇಕೆಂಬ ನಿಯಮ 2024ರಲ್ಲಿ ರಾಜ್ಯದೆಲ್ಲೆಡೆ ಬಂದಿದೆ. ನಕಲಿ ಮಾರಾಟಕ್ಕೆ ಅದು ಒಂದಿಷ್ಟು ಕಡಿವಾಣ. ಆದರೂ ಖಾತೆಯೊಂದರಿಂದಲೇ ಹಕ್ಕು ಹುಟ್ಟುವುದಿಲ್ಲವೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ.

ಹಾಗಾದರೆ ವಿಚಾರಿಸುವ ಹೊಣೆ ಕೊಳ್ಳುವವರದೇ. ಏನನ್ನು, ಯಾರನ್ನು ವಿಚಾರಿಸಬೇಕು? ಈ ಪ್ರಶ್ನೆಗೆ ಒಂಬೈನೂರು ವರ್ಷಗಳ ಹಿಂದೆ ನಮ್ಮ ನೆಲದಲ್ಲೇ ಒಬ್ಬರು ಉತ್ತರ ಬರೆದಿಟ್ಟಿದ್ದಾರೆ.

ಕಲ್ಯಾಣದ ನ್ಯಾಯವಿದ

ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಆಗ ಚಾಲುಕ್ಯರ ರಾಜಧಾನಿ ಕಲ್ಯಾಣ. ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ‘ಮಿತಾಕ್ಷರಾ’. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯ ವಿಷಯದಲ್ಲಿ ಭಾರತದ ಬಹುಭಾಗದ ನ್ಯಾಯಾಲಯಗಳು ಇಂದಿಗೂ ಹೆಸರಿಸುವ ಗ್ರಂಥ ಅದು.

ಭೂಮಿ ಆರು ಬಗೆಯಿಂದ ಕೈದಾಟುತ್ತದೆ ಎಂಬ ಹಳೆಯ ವಚನವೊಂದನ್ನು ವಿಜ್ಞಾನೇಶ್ವರ ಅಲ್ಲಿ ಎತ್ತಿಕೊಳ್ಳುತ್ತಾನೆ. ಊರವರ ಒಪ್ಪಿಗೆ, ಜ್ಞಾತಿಗಳ ಒಪ್ಪಿಗೆ, ನೆರೆಯವರ ಒಪ್ಪಿಗೆ, ದಾಯಾದಿಗಳ ಒಪ್ಪಿಗೆ, ಚಿನ್ನ ಮತ್ತು ನೀರು. ಇವೇ ಆ ಆರು. ಒಪ್ಪಿಗೆ ಸಿಗದಿದ್ದರೆ ವ್ಯವಹಾರವೇ ಬಿದ್ದುಹೋಗುತ್ತದೆ ಎಂದು ಅವನು ಹೇಳುವುದಿಲ್ಲ. ಪ್ರತಿಯೊಂದಕ್ಕೂ ಒಂದು ವ್ಯಾವಹಾರಿಕ ಕಾರಣ ಕೊಡುತ್ತಾನೆ. ಊರವರಿಗೆ ತಿಳಿಸುವುದು ವಿಷಯ ಬಹಿರಂಗವಾಗಲೆಂದು. ನೆರೆಯವರನ್ನು ಕೇಳುವುದು ಗಡಿಯ ತಕರಾರು ಉಳಿಯದಿರಲೆಂದು. ಬಂಧುಗಳನ್ನು ಕೇಳುವುದು ಪಾಲಾಗಿದೆಯೋ ಇಲ್ಲವೋ ಎಂಬ ಸಂಶಯ ಮುಂದೆ ಏಳದಿರಲೆಂದು. ಇಂದು ಸಿವಿಲ್ ನ್ಯಾಯಾಲಯಗಳಲ್ಲಿ ರಾಶಿ ಬಿದ್ದಿರುವ ಮನೆ, ನಿವೇಶನಗಳ ದಾವೆಗಳನ್ನು ನೋಡಿದರೆ ಬಹುತೇಕ ಈ ಆರರಲ್ಲಿ ಯಾವುದೋ ಒಂದನ್ನು ಕೇಳದೇ ಬಿಟ್ಟದ್ದರ ಫಲವೇ.

ಊರು ಬಲ್ಲದೇ?

ಅಂದಿನ ಊರ ಸಭೆಯ ಜಾಗದಲ್ಲಿ ಇಂದು ಋಣಭಾರ ಪತ್ರವಿದೆ. ಜನ ಅದನ್ನು ‘ಇ.ಸಿ.’ ಎನ್ನುತ್ತಾರೆ. ಸ್ವತ್ತಿನ ಮೇಲೆ ನೋಂದಾಯಿತ ವ್ಯವಹಾರಗಳಿದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16 ಕೈಗೆ ಬರುತ್ತದೆ. ಹದಿಮೂರು ವರ್ಷದ್ದು ಸಾಕೆಂದು ಕೆಲವರು ಹೇಳುವುದುಂಟು. ಆದರೆ ಅಡಮಾನ ಬಿಡಿಸಿಕೊಳ್ಳಲು 1963ರ ಕಾಲಮಿತಿ ಕಾಯ್ದೆ 30 ವರ್ಷಗಳ ಅವಕಾಶ ಕೊಟ್ಟಿದೆ. ವಕೀಲರು 30 ವರ್ಷದ ಇ.ಸಿ. ಕೇಳುವುದಕ್ಕೆ ಕಾರಣವಿಲ್ಲದಿಲ್ಲ.

ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದದ್ದು ಮಾತ್ರ. ನೋಂದಾಯಿಸದ ಉಯಿಲು, ಮನೆಯೊಳಗೇ ಆದ ಬಾಯಿಮಾತಿನ ಪಾಲುಪಟ್ಟಿ, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ ಅಲ್ಲಿ ಕಾಣದೇ ಹೋಗಬಹುದು. ಅದಕ್ಕೇ ‘ಈ ಸ್ವತ್ತನ್ನು ಕೊಳ್ಳಲಿದ್ದೇವೆ, ತಕರಾರಿದ್ದವರು ತಿಳಿಸಿ’ ಎಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಡುವುದು. ಊರ ನಡುವೆ ಡಂಗುರ ಹೊಡೆಸಿದಂತೆಯೇ ಅದು. ಮೂಲಪತ್ರಗಳ ಜೆರಾಕ್ಸ್ ಪ್ರತಿಯನ್ನಷ್ಟೇ ತೋರಿಸಿ, ಅಸಲು ಕೇಳಿದಾಗ ನಾಳೆ ನಾಡಿದ್ದು ಎನ್ನುವವರಿದ್ದರೆ, ಅಸಲು ಯಾವ ಬ್ಯಾಂಕಿನ ಕಪಾಟಿನಲ್ಲಿದೆ ಎಂದು ಮೊದಲು ತಿಳಿಯಬೇಕು.

ಊರಿನ ಜತೆಗೆ ಸರ್ಕಾರವೂ ಇಲ್ಲಿ ಒಪ್ಪಬೇಕಾದ ಪಕ್ಷ. ಹೊಲವನ್ನು ನಿವೇಶನ ಮಾಡಲು 1964ರ ಭೂಕಂದಾಯ ಕಾಯ್ದೆಯಂತೆ ಪರಿವರ್ತನೆಯಾಗಬೇಕು, ಬಡಾವಣೆಯ ನಕ್ಷೆಗೆ ಮಂಜೂರಾತಿ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಕಾಯ್ದೆ ಅಡ್ಡ ಬರುತ್ತದೆ. ಅದನ್ನು ಮೀರಿದ ಮಾರಾಟ ಅನೂರ್ಜಿತ. ಎಷ್ಟು ಕೈ ಬದಲಾದರೂ ಆ ದೋಷ ಅಳಿಯದು. ಆ ಕಾಯ್ದೆ ಬಡವನ ನೆಲ ಅಗ್ಗಕ್ಕೆ ಉಳ್ಳವರ ಪಾಲಾಗದಿರಲೆಂದು ಬಂದದ್ದು. ನಾಲ್ಕನೆಯ ಕೈಯಿಂದ ನಿವೇಶನ ಕೊಂಡವರಿಗೆ ಆ ನೆಲದ ಚರಿತ್ರೆ ಗೊತ್ತಿರುವುದಿಲ್ಲ. ಮೂಲ ಮಂಜೂರಾತಿಯವರೆಗೆ ಹಿಂದೆ ಹೋಗಿ ನೋಡಬೇಕೆನ್ನುವುದು ಇದಕ್ಕೇ.

ಅಕ್ಕತಂಗಿಯರ ಸಹಿ

ಜ್ಞಾತಿ, ದಾಯಾದಿಗಳ ಮಾತು ಬಂದಾಗ ನಮ್ಮವರು ಅಣ್ಣತಮ್ಮಂದಿರನ್ನು ಮಾತ್ರ ಎಣಿಸುತ್ತಾರೆ. ‘ಅಕ್ಕನನ್ನು ಮದುವೆ ಮಾಡಿ ಕೊಟ್ಟಾಯಿತು, ಅವಳ ಸಹಿ ಯಾಕೆ?’ ಎಂಬ ಮಾತನ್ನು ಕೇಳದ ವಕೀಲರಿಲ್ಲ. ಕರ್ನಾಟಕ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ಆದ ವಿಭಾಗ, ಮಾರಾಟಗಳಿಗೆ ಮಾತ್ರ ಇದು ತಟ್ಟುವುದಿಲ್ಲ.

ತಂದೆ ಸ್ವಂತ ದುಡಿಮೆಯಿಂದ ಕೊಂಡ ಮನೆಯನ್ನು ಅವರು ಯಾರ ಸಹಿಯೂ ಇಲ್ಲದೆ ಮಾರಬಹುದು. ಅದು ಸ್ವಯಾರ್ಜಿತವೋ ಪಿತ್ರಾರ್ಜಿತವೋ ಎಂದು ತೀರ್ಮಾನಿಸುವುದು ಹೇಗೆ? ಮಾರುವವರ ಮಾತಿನಿಂದಲ್ಲ, ವಂಶವೃಕ್ಷ ಮತ್ತು ಮೂಲಪತ್ರಗಳಿಂದ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟು ಬರೆಸಿದ ನಿದರ್ಶನಗಳೂ ಉಂಟು. ಹೀಗಾಗಿ ಅದನ್ನು ನೆರೆಹೊರೆಯ ಹಿರಿಯರ ಬಾಯಿಂದ ತಾಳೆ ನೋಡುವುದು ಲೇಸು. ಸಹಿ ಕೇಳುವುದರಿಂದ ಕೊಳ್ಳುವವರಿಗೆ ನೆಮ್ಮದಿ. ಆ ಹೆಣ್ಣುಮಗಳಿಗೆ ತನ್ನ ಪಾಲೆಷ್ಟೆಂದು ಕೇಳುವ ಅವಕಾಶ.

ನೆರೆಯವರು ಏನೆನ್ನುತ್ತಾರೆ?

ಹಿಂದೆ ದಾನ ಕೊಟ್ಟ ಭೂಮಿಯ ಎಲ್ಲೆಗೆ ಲಿಂಗಮುದ್ರೆಯ, ವಾಮನಮುದ್ರೆಯ ಕಲ್ಲು ನೆಡುತ್ತಿದ್ದರು. ಶಾಸನಗಳು ನಾಲ್ಕು ದಿಕ್ಕಿನ ಎಲ್ಲೆಯನ್ನು ಕೆರೆ, ಮರ, ಹುತ್ತಗಳ ಹೆಸರು ಹಿಡಿದು ಹೇಳುತ್ತವೆ. ಇಂದಿನ ಪತ್ರದ ಚಕ್ಕುಬಂದಿ ಅದರ ಮೊಮ್ಮಗು. ಅಳತೆಗೂ ಚಕ್ಕುಬಂದಿಗೂ ಹೊಂದದಿದ್ದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಗೇ ಹೆಚ್ಚು ಬೆಲೆ ಕೊಡುತ್ತವೆ. ಟೇಪು ಹಿಡಿದು ಅಳೆಯುವುದರ ಜತೆಗೆ, ಪಕ್ಕದ ಮನೆಯವರ ಪತ್ರದಲ್ಲಿ ನಮ್ಮ ದಿಕ್ಕಿಗೆ ಏನೆಂದು ಬರೆದಿದೆ ಎಂದು ವಿಚಾರಿಸಬೇಕು.

ಕೆಲವೊಮ್ಮೆ ನೆರೆ ಮನುಷ್ಯರಾಗಿರುವುದಿಲ್ಲ. 2016ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ರಾಜಕಾಲುವೆಯ ಒತ್ತುವರಿ ತೆರವು ನಡೆದಾಗ ನೋಂದಾಯಿತ ಪತ್ರ, ಖಾತೆ, ಕಂದಾಯದ ರಸೀದಿ ಹಿಡಿದು ನಿಂತವರ ಮನೆಗಳೂ ಉರುಳಿದವು. ಕಾಲುವೆ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಹಳೆಯ ಗ್ರಾಮ ನಕಾಶೆಯಲ್ಲಿ ಇತ್ತು. ಆ ನಕಾಶೆಯ ಪ್ರತಿಯನ್ನು ಕೊಳ್ಳುವ ಮೊದಲೇ ಭೂಮಾಪನ ಇಲಾಖೆಯಿಂದ ಪಡೆದು ಸರ್ವೆ ನಂಬರು ಹುಡುಕುವುದು ಒಂದೆರಡು ದಿನದ ಕೆಲಸ.

ಚಿನ್ನ ಮತ್ತು ನೀರು

ಭೂಮಿಯನ್ನು ಮಾರುವುದು ಹೀನವೆಂದೂ ದಾನ ಕೊಡುವುದು ಶ್ರೇಷ್ಠವೆಂದೂ ಎಣಿಸುತ್ತಿದ್ದ ಕಾಲದಲ್ಲಿ ಮಾರಾಟಕ್ಕೂ ದಾನದ ರೂಪ ಕೊಡಲೆಂದು ಚಿನ್ನವಿಟ್ಟು ನೀರು ಬಿಡುತ್ತಿದ್ದರು ಎಂದು ಮಿತಾಕ್ಷರೆ ವಿವರಿಸುತ್ತದೆ. ಚಿನ್ನವನ್ನು ನಾವು ಹಣವೆಂದು ಓದಿಕೊಳ್ಳೋಣ.

ಮುಂಗಡಕ್ಕೆ ಕನ್ನಡದಲ್ಲಿ ‘ಸಂಚಕಾರ’ ಎಂಬ ಹೆಸರಿದೆ. ಮಾತು ಸತ್ಯವೆಂದು ತೋರಿಸಲು ಕೊಡುವ ‘ಸತ್ಯಂಕಾರ’ದ ತದ್ಭವ ಅದು. ಅದೇ ಪದಕ್ಕೆ ಕೇಡು, ಅಪಾಯ ಎಂಬ ಅರ್ಥವೂ ಬಂದುಬಿಟ್ಟಿದೆ. ಮುಂಗಡ ಕೊಟ್ಟು ಕೈಸುಟ್ಟುಕೊಂಡವರಿಗೆ ಇದು ಸಹಜವೆನಿಸೀತು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ ಕ್ರಯದ ಕರಾರಿನಿಂದಷ್ಟೇ ಮನೆ ನಮ್ಮದಾಗುವುದಿಲ್ಲ. 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಗೆ ನೋಂದಾಯಿತ ಕ್ರಯಪತ್ರವೇ ಆಗಬೇಕು. ಜಿಪಿಎ ಮೇಲೆ ನಡೆಯುವ ‘ಮಾರಾಟ’ ಮಾರಾಟವಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಕಡ್ಡಿ ಮುರಿದಂತೆ ಹೇಳಿತು. ಹೊಸ ಫ್ಲ್ಯಾಟುಗಳ ವಿಷಯದಲ್ಲಿ 2016ರ ರೇರಾ ಕಾಯ್ದೆ, ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಕೇಳಬಾರದೆಂದು ನಿರ್ಮಾಣಗಾರರಿಗೆ ವಿಧಿಸಿದೆ.

ಬೆಲೆಯನ್ನು ಕಡಿಮೆ ತೋರಿಸಿ ಮುದ್ರಾಂಕ ಶುಲ್ಕ ಉಳಿಸೋಣವೆಂಬ ಆಸೆ ಎರಡೂ ಕಡೆಯವರಿಗೆ ಇರುತ್ತದೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯುವುದನ್ನು 2015ರಿಂದ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಪಡೆದಷ್ಟೇ ಮೊತ್ತ ದಂಡವಾಗಬಹುದು. ಅದಕ್ಕಿಂತಲೂ ದೊಡ್ಡ ಅಪಾಯವೆಂದರೆ, ನಾಳೆ ಹಕ್ಕಿನಲ್ಲಿ ದೋಷ ಕಂಡು ಹಣ ವಾಪಸು ಕೇಳುವ ದಿನ ಬಂದರೆ ಪತ್ರದಲ್ಲಿ ಬರೆದಷ್ಟೇ ನಾವು ಕೊಟ್ಟ ಹಣವೆನಿಸಿಕೊಳ್ಳುತ್ತದೆ.

ಇನ್ನು ನೀರು. ಧಾರೆ ಎರೆದರೆ ಕೊಟ್ಟವರ ಕೈ ಬರಿದಾಯಿತೆಂದು ಅರ್ಥ. ಇಂದಿನ ಭಾಷೆಯಲ್ಲಿ ಅದು ಸ್ವಾಧೀನ. ಮನೆಯಲ್ಲಿ ಯಾರಿದ್ದಾರೆ, ಯಾವ ಹಕ್ಕಿನ ಮೇಲಿದ್ದಾರೆ ಎಂದು ಒಳಗೆ ಹೋಗಿ ಕೇಳಬೇಕು. ವಾಸವಿರುವವರ ಹಕ್ಕು ಕೊಳ್ಳುವವರಿಗೆ ಗೊತ್ತಿತ್ತೆಂದೇ ಕಾನೂನು ಭಾವಿಸುತ್ತದೆ. ಲಕ್ಷಗಟ್ಟಲೆ ಕೊಟ್ಟು ಭೋಗ್ಯಕ್ಕಿರುವವರನ್ನು ‘ಬಾಡಿಗೆಯವರು, ಬಿಟ್ಟು ಹೋಗುತ್ತಾರೆ’ ಎಂದು ತೇಲಿಸಿ ಹೇಳುವ ಮಾಲೀಕರುಂಟು. ಆ ಭೋಗ್ಯದ ಹಣ ಹಿಂದಿರುಗಿಸುವ ತಕರಾರು ಕಡೆಗೆ ಹೊಸಬರ ತಲೆಗೆ ಬರುತ್ತದೆ.

ಕೊಂಡ ಮೇಲೂ ಕೆಲಸ ಮುಗಿಯದು. ಖಾತೆ ಬದಲಾಯಿಸಿಕೊಳ್ಳಬೇಕು, ಕಂದಾಯದ ರಸೀದಿ ಜೋಡಿಸಿಡಬೇಕು, ಸಾಲ ತೀರಿದ ದಿನವೇ ಬ್ಯಾಂಕಿನಿಂದ ಅಸಲು ಪತ್ರ ಬಿಡಿಸಿ ಅಡಮಾನ ರದ್ದತಿಯನ್ನು ದಾಖಲು ಮಾಡಿಸಬೇಕು. ಇಬ್ಬರು ಸಾಕ್ಷಿಗಳ ಸಹಿಯಿರುವ ಉಯಿಲು ಬರೆದಿಟ್ಟರೆ ಮಕ್ಕಳಲ್ಲಿ ಮನಸ್ತಾಪ ಕಡಿಮೆ. ಮುಂದೆ ಮಾರುವ ಕಾಲ ಬಂದಾಗ ಇವೇ ಕಾಗದಗಳು ಒಳ್ಳೆಯ ಬೆಲೆ ತರುತ್ತವೆ.

ಹಿಂದಿನವರು ದಾನಶಾಸನದ ಕೊನೆಗೆ, ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂದು ಶಾಪ ಕೆತ್ತಿಸುತ್ತಿದ್ದರು. ಇಂದಿನ ಕ್ರಯಪತ್ರದಲ್ಲಿ ಶಾಪವಿಲ್ಲ. ತಂಟೆ ತಕರಾರು ಬಂದರೆ ನನ್ನ ಸ್ವಂತ ಖರ್ಚಿನಿಂದ ಪರಿಹರಿಸಿಕೊಡುತ್ತೇನೆ ಎಂದು ಮಾರುವವರು ಬರೆದುಕೊಡುವ ಒಂದು ಸಾಲಿದೆ. ತಕರಾರು ಏಳುವ ಹೊತ್ತಿಗೆ ಆ ಮಾರಿದವರು ಎಲ್ಲಿರುತ್ತಾರೋ ಬಲ್ಲವರಾರು? ಸಹಿ ಹಾಕುವ ಮುನ್ನ ಊರನ್ನು, ಬಂಧುಗಳನ್ನು, ದಾಯಾದಿಗಳನ್ನು, ನೆರೆಯನ್ನು ಒಂದು ಸುತ್ತು ಕೇಳಿ ಬಂದರೆ ಆ ಸಾಲನ್ನು ನಂಬಿ ಕೂರುವ ಪ್ರಸಂಗ ಬಾರದು.