ಅಜ್ಜನ ಓಟು, ಅಪ್ಪನ ಓಟು, ನಮ್ಮ ವಾದ

ನಮ್ಮ ಕೂಟದ ಊಟ ಮುಗಿದು ಕಾಫಿ ಬರುವ ಹೊತ್ತಿಗೆ ಊರಿನ ರಾಜಕೀಯ ಶುರುವಾಗುವುದು ವಾಡಿಕೆ. ಕಳೆದ ಯುಗಾದಿಯಂದು ನಾನೇ ಶುರು ಮಾಡಿದೆ. "ಕರ್ನಾಟಕದಲ್ಲಿ ಬಂದ ಕಾನೂನುಗಳಲ್ಲೆಲ್ಲ ದೇವರಾಜ ಅರಸರ ಭೂಸುಧಾರಣೆಯೇ ದೊಡ್ಡದು" ಎಂದೆ. ಮಂಗಳೂರು ಕಡೆಯ ನನ್ನ ಗೆಳೆಯರು ಕಾಫಿ ಲೋಟ ಕೆಳಗಿಟ್ಟು, "ಆ ಕಾನೂನಿನಿಂದ ನಮ್ಮ ಅಜ್ಜಿ ಒಂದು ಹೊತ್ತಿನ ಅಕ್ಕಿಗೂ ಪರದಾಡಿದರು ಮಾರಾಯ್ರೆ" ಎಂದವರೇ ಎದ್ದು ಹೋದರು. ನಮ್ಮಿಬ್ಬರ ಮಕ್ಕಳು ಒಂದೇ ಕನ್ನಡ ತರಗತಿಗೆ ಹೋಗುತ್ತಾರೆ. ಎರಡು ವಾರ ನಾವಿಬ್ಬರೂ ಪಾರ್ಕಿಂಗ್ ಲಾಟಿನಲ್ಲಿ ಕಾರಿನಿಂದ ಇಳಿಯಲಿಲ್ಲ!

ಆ ಎರಡು ವಾರ ನನ್ನನ್ನು ಕಾಡಿದ ಪ್ರಶ್ನೆ ಇದು: ಒಂದು ಪಕ್ಷದ ಮೇಲಿನ ನಿಷ್ಠೆ ಹುಟ್ಟುವುದು ಹೇಗೆ, ಬದಲಾಗುವುದು ಹೇಗೆ?

ಮೊದಲು ಕಾನೂನಿನ ವಿಚಾರ. 1961ರ ಭೂಸುಧಾರಣಾ ಕಾಯಿದೆಗೆ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನು ಸರ್ಕಾರದ ಪಾಲಾಯಿತು. ಉಳುತ್ತಿದ್ದ ಗೇಣಿದಾರ ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕಿತ್ತು. ಬಡವನಿಗೆ ವಕೀಲರ ಖರ್ಚು ಬೀಳದಿರಲೆಂದು ಆಗ ಅಲ್ಲಿಗೆ ವಕೀಲರಿಗೆ ಪ್ರವೇಶವೇ ಇರಲಿಲ್ಲ. ಶಿವಮೊಗ್ಗದ ಹತ್ತಿರದ ಹಳ್ಳಿಯಲ್ಲಿ ಗೇಣಿದಾರರಾಗಿದ್ದ ನನ್ನ ಅಜ್ಜನ ಹೆಸರು ಹೀಗೆ ಪಹಣಿಯಲ್ಲಿ ಬಂತು. ಎರಡೇ ಎಕರೆ. ಆದರೆ ಆ ದಿನದಿಂದ ಅಜ್ಜ ಕಾಂಗ್ರೆಸ್ಸಿನವರಾದರು. "ಭೂಮಿ ಕೊಟ್ಟೋರನ್ನ ಮರೆತ್ರೆ ಅನ್ನ ಹುಟ್ಟಲ್ಲ" ಎನ್ನುತ್ತಿದ್ದರಂತೆ.

ಇನ್ನು ನಿಷ್ಠೆಯ ವಿಚಾರ. ನಮ್ಮ ವೃತ್ತಿಯಲ್ಲಿ ಪ್ರೋಗ್ರಾಮಿನ ಉತ್ತರ ಬದಲಾದರೆ, ಕೋಡ್ ಬದಲಾಯಿತೋ ಒಳಗೆ ಕೊಟ್ಟ ಡೇಟಾ ಬದಲಾಯಿತೋ ಎಂದು ಮೊದಲು ನೋಡುತ್ತೇವೆ. ಓಟಿಗೂ ಇದೇ ಪರೀಕ್ಷೆ ಮಾಡಬಹುದು. ಬದಲಾದದ್ದು ಪಕ್ಷವೋ, ನಮ್ಮ ಮುಂದಿದ್ದ ಪ್ರಶ್ನೆಯೋ, ಅಥವಾ ನಾವೋ?

ಪಕ್ಷ ಬದಲಾಗುವುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. 1979ರಲ್ಲಿ ಅರಸು ಮತ್ತು ಇಂದಿರಾ ಗಾಂಧಿ ಬೇರೆಯಾದರು. ಭೂಮಿ ಕೊಟ್ಟವರು ಒಂದು ಕಡೆ, ಪಕ್ಷದ ಹೆಸರು ಇನ್ನೊಂದು ಕಡೆ. 1980ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ ಹೋದವು. ನಮ್ಮ ಅಜ್ಜನ ಓಟೂ ಅಲ್ಲಿಗೇ. ಅರಸರ ಮೇಲಿನ ಕೃತಜ್ಞತೆಯಿಂದ ಹುಟ್ಟಿದ ನಿಷ್ಠೆ ಅರಸರನ್ನೇ ಬಿಟ್ಟು ಪಕ್ಷದ ಜೊತೆ ಉಳಿಯಿತು!

ಪ್ರಶ್ನೆ ಬದಲಾಗುವುದು ಇನ್ನೂ ಸೂಕ್ಷ್ಮ. ಗೇಣಿದಾರನಾಗಿದ್ದಾಗ ರೈತನ ಚಿಂತೆ ಭೂಮಿ. ಒಡೆಯನಾದ ಮೇಲೆ ಅವನ ಚಿಂತೆ ಬೆಲೆ, ಸಾಲ, ಕರ. 1980ರಲ್ಲಿ ನರಗುಂದ, ನವಲಗುಂದಗಳಲ್ಲಿ ನೀರಿನ ಕರದ ವಿರುದ್ಧ ರೈತರು ಎದ್ದು ನಿಂತಾಗ ಗೋಲಿಬಾರ್ ಆಯಿತು. 1982ರಲ್ಲಿ ಗೋಕಾಕ್ ಚಳವಳಿ ನಡೆಯಿತು. 1983ರ ಜನವರಿಯಲ್ಲಿ ಮೊದಲ ಬಾರಿಗೆ ರಾಜ್ಯದಲ್ಲಿ ಕಾಂಗ್ರೆಸ್ಸೇತರ ಸರ್ಕಾರ ಬಂದು, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಅಜ್ಜನ ಭೂಮಿಯ ಫಸಲಿನಲ್ಲೇ ಕಾಲೇಜು ಮೆಟ್ಟಿಲು ಹತ್ತಿದ ನಮ್ಮ ಅಪ್ಪ ಆ ಸಲ ಜನತಾ ಪಕ್ಷಕ್ಕೆ ಓಟು ಹಾಕಿದರು. ಅಜ್ಜ ಒಂದು ತಿಂಗಳು ಮಗನ ಜೊತೆ ಮಾತು ಬಿಟ್ಟರು.

ಮಜಾ ಮುಂದಿದೆ. ಇಂದಿರಾ ಹತ್ಯೆಯ ನಂತರ 1984ರ ಡಿಸೆಂಬರಿನಲ್ಲಿ ಬಂದ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ರಾಜ್ಯದಲ್ಲಿ 24 ಸ್ಥಾನ, ಜನತಾ ಪಕ್ಷಕ್ಕೆ 4. ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ ವಿಧಾನಸಭೆಯ 224 ಸ್ಥಾನಗಳಲ್ಲಿ 139 ಜನತಾ ಪಕ್ಷಕ್ಕೆ ಬಂದವು. ಮೂರು ತಿಂಗಳೊಳಗೆ ಅದೇ ಜನ, ಎರಡು ತೀರ್ಪು. ನಮ್ಮ ಅಪ್ಪನೂ ಹಾಗೆಯೇ ಎರಡು ಕಡೆ ಓಟು ಹಾಕಿದವರು. "ನಿನಗೆ ಸ್ಥಿರಬುದ್ಧಿ ಇಲ್ಲ" ಎಂದು ಅಜ್ಜ ಬೈದರೆ, "ಡೆಲ್ಲಿ ಬೇರೆ, ಬೆಂಗಳೂರು ಬೇರೆ" ಎಂದರಂತೆ ಅಪ್ಪ. ಅವರು ಬದಲಾಗಿರಲಿಲ್ಲ, ಕೇಳಿದ ಪ್ರಶ್ನೆ ಬೇರೆಯಾಗಿತ್ತು.

ಕೊನೆಯದು, ನಾವೇ ಬದಲಾಗುವುದು. ಇದು ಹೆಚ್ಚಾಗಿ ಹರೆಯದಲ್ಲಿ ಆಗುತ್ತದೆ ಎನ್ನುವುದಕ್ಕೆ ಅಮೆರಿಕದಲ್ಲೇ ಒಂದು ಹಳೆಯ ಅಧ್ಯಯನವಿದೆ. 1930ರ ದಶಕದಲ್ಲಿ ಥಿಯೋಡರ್ ನ್ಯೂಕಂಬ್ ಎಂಬ ಸಂಶೋಧಕರು ವರ್ಮಾಂಟ್‌ನ ಬೆನ್ನಿಂಗ್ಟನ್ ಕಾಲೇಜಿನ ವಿದ್ಯಾರ್ಥಿನಿಯರನ್ನು ಮಾತನಾಡಿಸಿದರು. ಹೆಚ್ಚಿನವರು ರಿಪಬ್ಲಿಕನ್ ಪಕ್ಷದ ಶ್ರೀಮಂತ ಮನೆಗಳಿಂದ ಬಂದವರು. 1936ರ ಅಧ್ಯಕ್ಷ ಚುನಾವಣೆಯಲ್ಲಿ ಆ ಪಕ್ಷದ ಲ್ಯಾಂಡನ್ ಪರವಾಗಿದ್ದವರು ಮೊದಲ ವರ್ಷದಲ್ಲಿ ಶೇಕಡಾ 62, ಕೊನೆಯ ಎರಡು ವರ್ಷಗಳಲ್ಲಿ ಶೇಕಡಾ 15 ಮಾತ್ರ. ಸುಮಾರು 25 ವರ್ಷಗಳ ನಂತರ ಮತ್ತೆ ವಿಚಾರಿಸಿದಾಗಲೂ ಬಹಳ ಮಂದಿ ಕಾಲೇಜಿನಲ್ಲಿ ಕಲಿತ ದಾರಿಯಲ್ಲೇ ಇದ್ದರು.

ಹಾಗಾದರೆ ಹರೆಯ ದಾಟಿದ ಮೇಲೆ ಬದಲಾಗುವುದೇ ಇಲ್ಲವೇ? ನನ್ನದೇ ಕಥೆ ಹೇಳುತ್ತೇನೆ. 2006ರಲ್ಲಿ ಕೇಂದ್ರದ ವಿದ್ಯಾಸಂಸ್ಥೆಗಳ ಮೀಸಲಾತಿ ಚರ್ಚೆ ಜೋರಾಗಿದ್ದಾಗ ನಾನು ಇಂಜಿನಿಯರಿಂಗ್ ಮೊದಲ ವರ್ಷ. "ಮೆರಿಟ್ ಇದ್ದವನಿಗೇ ಸೀಟು" ಎಂದು ಹಾಸ್ಟೆಲಿನಲ್ಲಿ ಮೇಜು ಗುದ್ದಿ ವಾದಿಸಿದ್ದೆ. ಎರಡು ಎಕರೆಯಿಂದ ಅಪ್ಪ ಓದಿದರು, ಅಪ್ಪನ ಮೇಷ್ಟರ ಸಂಬಳದಿಂದ ನನಗೆ ಟ್ಯೂಷನ್ ಸಿಕ್ಕಿತು; ನನ್ನ 'ಮೆರಿಟ್' ಕೂಡ ಒಂದು ಕಾನೂನಿನ ಫಲ ಎಂಬ ಲೆಕ್ಕ ನನಗೆ ಹೊಳೆದದ್ದು ಇಲ್ಲಿಗೆ ಬಂದು ವೀಸಾ ಸಾಲಿನಲ್ಲಿ ನಿಂತ ಮೇಲೆ. ಹುಟ್ಟಿದ ದೇಶದ ಆಧಾರದ ಮೇಲೆ ಸರದಿ ನಿರ್ಧಾರವಾಗುವಾಗ ಮೆರಿಟ್ ಒಂದೇ ಸಾಲದು ಎಂದು ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಆ ಲೆಕ್ಕವೂ ಅರ್ಧವೇ. ಮೂರನೇ ವಾರ ನಾನೇ ಕಾರಿನಿಂದ ಇಳಿದು ಗೆಳೆಯರ ಹತ್ತಿರ ಹೋದೆ. ಅವರ ಅಜ್ಜಿ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ತಾವೇ ಉಳಲಾಗದೆ ಇದ್ದ ತುಂಡು ಗದ್ದೆಯನ್ನು ಚಾಲಗೇಣಿಗೆ ಕೊಟ್ಟಿದ್ದರು. ಆ ಗೇಣಿ ಅಕ್ಕಿಯೇ ಜೀವನ. ಕಾನೂನು ಬಂದಾಗ ಅವರೂ ದೊಡ್ಡ ಜಮೀನ್ದಾರರೂ ಒಂದೇ ಪಟ್ಟಿಗೆ ಸೇರಿದರು. ಆ ಮನೆಯಲ್ಲಿ ಇಂದಿಗೂ ಕಾಂಗ್ರೆಸ್ಸಿಗೆ ಓಟಿಲ್ಲ.

"ಈಗಲೂ ಆ ಕಾನೂನು ಬೇಕಿತ್ತು ಅಂತೀರಾ?" ಎಂದು ಕೇಳಿದರು.

"ಬೇಕಿತ್ತು. ಆದರೆ ನಿಮ್ಮ ಅಜ್ಜಿಗೊಂದು ದಾರಿಯೂ ಬೇಕಿತ್ತು" ಎಂದೆ. ಅವರು ಒಪ್ಪಿದರೆಂದು ಹೇಳಲಾರೆ. ಕಾಫಿಗಂತೂ ಬಂದರು.

ನನ್ನ ಅಜ್ಜನ ನಿಷ್ಠೆಗೂ ಅವರ ಅಜ್ಜಿಯ ಸಿಟ್ಟಿಗೂ ಮೂಲ ಒಂದೇ: ಉಣ್ಣುವ ಅನ್ನ ಯಾರ ಕೈಯಲ್ಲೂ ಇರಬಾರದು ಎಂಬ ಆಸೆ. ಮೊಮ್ಮಕ್ಕಳಾದ ನಮಗೆ ಗದ್ದೆಯೂ ಇಲ್ಲ, ಗೇಣಿಯೂ ಇಲ್ಲ. ಬ್ಯಾಂಕಿಗೆ ಮನೆ ಸಾಲದ ಕಂತು ಕಟ್ಟುವ ಇಬ್ಬರು ಇಂಜಿನಿಯರುಗಳು ನಾವು. ಪಕ್ಷವನ್ನು ಮಾತ್ರ ಪಿತ್ರಾರ್ಜಿತ ಆಸ್ತಿಯಂತೆ ಕಾಪಾಡಿಕೊಂಡು ಬಂದಿದ್ದೆವು.

ನಮ್ಮ ಮಕ್ಕಳ ಹರೆಯ ಈ ನೆಲದಲ್ಲಿ ಕಳೆಯಲಿದೆ. ನಾಳೆ ಅವರು ನಮಗೆ ಹಿಡಿಸದ ಕಡೆ ಓಟು ಹಾಕಿದರೆ, ನಮ್ಮ ಅಜ್ಜನಂತೆ ತಿಂಗಳು ಮಾತು ಬಿಡುವುದು ಬೇಡ. "ನಿನ್ನ ಮುಂದಿರುವ ಪ್ರಶ್ನೆ ಯಾವುದು ಪುಟ್ಟಾ?" ಎಂದು ಮೊದಲು ಕೇಳೋಣ. ಅದಕ್ಕೂ ಮೊದಲು, ನಿಮ್ಮ ಮನೆಯ ಹಿರಿಯರಿಗೆ ಈ ಭಾನುವಾರ ಫೋನ್ ಮಾಡಿದಾಗ, ಅವರು ಮೊದಲ ಓಟು ಯಾರಿಗೆ ಹಾಕಿದರು, ಯಾಕೆ ಎಂದು ಕೇಳಿ ನೋಡಿ. 'ಯಾರಿಗೆ' ಎನ್ನುವುದನ್ನು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. 'ಯಾಕೆ' ಎನ್ನುವುದಕ್ಕೆ ಮಾತ್ರ ಸ್ವಲ್ಪ ಸಮಯ ಇಟ್ಟುಕೊಳ್ಳಿ.