ಯಂತ್ರ ಉಳಿದರೆ ಸಾಲದು, ಹಾಜರಿ ಪುಸ್ತಕವೂ ಉಳಿಯಬೇಕು

ಹೂಗ್ಲಿ ನದಿಯ ದಂಡೆಯ ಸೆಣಬಿನ ಗಿರಣಿಗಳ ಚರಿತ್ರೆ ಬರೆಯಲು ಹೊರಟವರು ಕೋಲ್ಕತ್ತದಲ್ಲಿ ಹುಡುಕಿದರೆ ಸಾಲದು, ಸ್ಕಾಟ್ಲೆಂಡಿನ ಡಂಡೀ ಎಂಬ ಊರಿಗೂ ಹೋಗಬೇಕು. ಟೀಟಾಗಢ, ಸಾಮ್ನಗರ್, ವಿಕ್ಟೋರಿಯಾ ಗಿರಣಿಗಳನ್ನು ನಡೆಸುತ್ತಿದ್ದ ಥಾಮಸ್ ಡಫ್ ಕಂಪನಿ ಅಲ್ಲಿಯದು. ಕಂಪನಿಯ ಹಳೆಯ ಕಾಗದಪತ್ರಗಳು ಈಗ ಡಂಡೀ ವಿಶ್ವವಿದ್ಯಾಲಯದ ದಾಖಲೆ ಸಂಗ್ರಹದಲ್ಲಿ ಭದ್ರವಾಗಿವೆ. ದುಡಿದವರು ಇಲ್ಲಿಯವರು, ಸೆಣಬಿನ ಧೂಳು ಕುಡಿದವರು ಇಲ್ಲಿಯವರು. ಅವರ ದುಡಿಮೆಯ ಲೆಕ್ಕ ಮಾತ್ರ ಸಮುದ್ರದಾಚೆ.

ನಾನು ದಾವಣಗೆರೆಯವಳು. ಅಪ್ಪ ಹತ್ತಿ ಗಿರಣಿಯಲ್ಲಿ ನೂಲುವ ಖಾತೆಯಲ್ಲಿದ್ದರು. ಮದುವೆಯಾಗಿ ಕೋಲ್ಕತ್ತಕ್ಕೆ ಬಂದ ಮೇಲೆ ಹಳೆಯ ಕಾಗದಗಳನ್ನು ಸರಿಪಡಿಸಿ ಉಳಿಸುವ ಕೆಲಸ ಕಲಿತೆ, ಇಂದಿಗೂ ಅದೇ ನನ್ನ ಕಸುಬು. ಗಿರಣಿಯ ಕಾಗದ ಕಣ್ಣಿಗೆ ಬಿದ್ದರೆ ನನಗೆ ಬಿಟ್ಟು ಬರಲು ಆಗುವುದಿಲ್ಲ.

ಸೆಣಬಿನ ಕಥೆ ನಮಗೆ ದೂರದ್ದಲ್ಲ. ನಮ್ಮೂರ ಮಂಡಿಯಲ್ಲಿ ಕಾಳು ತುಂಬಿ ಹೊಲಿಯುತ್ತಿದ್ದ ಗೋಣಿಚೀಲದ ತವರು ಹೂಗ್ಲಿಯ ಈ ದಂಡೆಗಳೇ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಕ್ರಿಮಿಯಾ ಯುದ್ಧ ಶುರುವಾಗಿ, ರಷ್ಯಾದಿಂದ ಡಂಡೀಗೆ ಬರುತ್ತಿದ್ದ ಅಗಸೆ ನಾರಿಗೆ ಅಡ್ಡಿಯಾಯಿತು. ಅಲ್ಲಿನ ಗಿರಣಿಗಳು ಬಂಗಾಳದ ಸೆಣಬಿನ ಕಡೆಗೆ ಇನ್ನಷ್ಟು ವಾಲಿದವು. ಒರಟಾದ ಆ ನಾರನ್ನು ತಿಮಿಂಗಿಲದ ಎಣ್ಣೆ ಮತ್ತು ನೀರು ಹಾಕಿ ಮೆದುಗೊಳಿಸುವ ವಿದ್ಯೆ ಡಂಡೀಯವರಿಗೆ ಸಿದ್ಧಿಸಿತ್ತು. ಸೆಣಬು ಬೆಳೆಯುವ ಕಡೆಯೇ ನೇಯ್ದರೆ ಹೇಗೆ ಎಂದು ಜಾರ್ಜ್ ಆಕ್ಲಂಡ್ ಎಂಬಾತ ಡಂಡೀಯ ಯಂತ್ರಗಳನ್ನು ತರಿಸಿ, 1855ರಲ್ಲಿ ರಿಷಡಾದಲ್ಲಿ ಮೊದಲ ಗಿರಣಿ ನಿಲ್ಲಿಸಿದ. 1884ರ ಹೊತ್ತಿಗೆ ಗಿರಣಿ ಮಾಲೀಕರು ಸಂಘ ಕಟ್ಟಿಕೊಳ್ಳುವಷ್ಟು ಉದ್ಯಮ ಬೆಳೆದಿತ್ತು. ಇಪ್ಪತ್ತನೇ ಶತಮಾನ ಕಾಲಿಡುವಾಗ ಕೋಲ್ಕತ್ತ ಡಂಡೀಯನ್ನು ಹಿಂದೆ ಹಾಕಿತ್ತು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರಿಗೆ ಮರೆಯಾದ ಮರಳುಚೀಲಗಳು ಇಲ್ಲಿಂದಲೂ ಹೋದವು. ಬಿಹಾರ, ಪೂರ್ವ ಉತ್ತರ ಪ್ರದೇಶ, ಒಡಿಶಾ, ಆಂಧ್ರದ ಕರಾವಳಿಯಿಂದ ಜನ ಬಂದು ಗಿರಣಿಯ ಸುತ್ತಲಿನ ಸಾಲುಮನೆಗಳಲ್ಲಿ ನೆಲೆಸಿದರು. 1947ರಲ್ಲಿ ದೇಶ ಒಡೆದಾಗ ಒಳ್ಳೆಯ ಸೆಣಬಿನ ಹೊಲಗಳು ಬಹುಪಾಲು ಪೂರ್ವ ಪಾಕಿಸ್ತಾನಕ್ಕೆ ಹೋದವು, ಗಿರಣಿಗಳು ಇಲ್ಲಿ ಉಳಿದವು.

ಹೀಗೆ ದುಡಿಯಲು ಬಂದ ಜನರ ಬಗ್ಗೆ ಗಿರಣಿಗಳು ಏನು ಬರೆದಿಟ್ಟವು? ಇತಿಹಾಸಕಾರ ದೀಪೇಶ್ ಚಕ್ರವರ್ತಿ ಅವರಿಗೆ ಎದುರಾದದ್ದು ಇದೇ ಪ್ರಶ್ನೆ. ಬಂಗಾಳದ ಸೆಣಬು ಕಾರ್ಮಿಕರ ಬಗ್ಗೆ 1989ರಲ್ಲಿ ಪ್ರಕಟವಾದ ಅವರ ಪುಸ್ತಕಕ್ಕೆ ಡಂಡೀಯ ಕಡತಗಳೂ ಆಧಾರ. ಅಲ್ಲಿ ಅವರು ತೋರಿಸಿದ ಒಂದು ಸಂಗತಿ ನನ್ನನ್ನು ತುಂಬಾ ಕಾಡಿದೆ. ಕಾರ್ಮಿಕರ ವಿವರಗಳನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕೆಂದು ಕಾರ್ಖಾನೆ ಕಾಯಿದೆ ಹೇಳುತ್ತಿತ್ತು. ಆದರೆ ಆಳುಗಳನ್ನು ತರುವುದು, ಕೆಲಸಕ್ಕೆ ಹಚ್ಚುವುದು, ಬಿಡಿಸುವುದು ಎಲ್ಲವೂ ಸರ್ದಾರರೆಂಬ ಮೇಸ್ತ್ರಿಗಳ ಕೈಯಲ್ಲಿತ್ತು. ಸರ್ದಾರನೇ ಎಲ್ಲ ನೋಡಿಕೊಳ್ಳುವಾಗ ಮ್ಯಾನೇಜರಿಗೆ ಕಾರ್ಮಿಕರ ವಿವರ ಬೇಕಿರಲಿಲ್ಲ, ಬರೆದಿಡುವ ತುರ್ತೂ ಇರಲಿಲ್ಲ. ಅಂದರೆ ಕಾಗದವೆಲ್ಲ ಆಮೇಲೆ ಕಳೆದುಹೋದದ್ದಲ್ಲ. ಎಷ್ಟೋ ಸಂಗತಿಗಳು ಮೊದಲಿಗೇ ಕಾಗದಕ್ಕೆ ಬರಲಿಲ್ಲ. ಹಾಗಾಗಿಯೇ ಬರೆದಿಟ್ಟ ಸ್ವಲ್ಪವೂ ಅಷ್ಟು ಅಮೂಲ್ಯ.

ರದ್ದಿ ಅಂಗಡಿಯಿಂದ ನನ್ನ ಕೈಗೆ ಬಂದ ಒಂದು ಕೂಲಿ ಪುಸ್ತಕದ ಬಗ್ಗೆ ಹೇಳುತ್ತೇನೆ. ಚರ್ಮದ ಬೆನ್ನು ಕಿತ್ತಿತ್ತು, ಅಂಚುಗಳನ್ನು ಹುಳು ತಿಂದಿತ್ತು. ಪುಟದ ಎಡಕ್ಕೆ ಟೋಕನ್ ನಂಬರು, ಪಕ್ಕದಲ್ಲಿ ಹೆಸರು, ಸರ್ದಾರನ ಹೆಸರು, ಕೆಲಸ ಮಾಡಿದ ದಿನ, ದಂಡ, ಕೈಗೆ ಸಿಕ್ಕ ಕೂಲಿ. ಕೊನೆಯ ಅಂಕಣದ ತುಂಬ ಹೆಬ್ಬೆಟ್ಟಿನ ಗುರುತುಗಳು. ಒಂದು ಕಡೆ ಹೆಸರು ಹೊಡೆದುಹಾಕಿ ಮೇಲೆ ‘ಬದಲಿ’ ಎಂದು ಗೀಚಿದ್ದರು. ಅಲ್ಲಿಂದ ಮುಂದೆ ಅದೇ ಟೋಕನ್ನಿನ ಎದುರು ಬೇರೆ ಹೆಬ್ಬೆಟ್ಟು. ಯಾರಿಗೆ ಕಾಯಿಲೆಯಾಯಿತು, ಯಾರು ಊರಿಗೆ ಹೋದರು, ಅವರ ಜಾಗಕ್ಕೆ ಯಾರು ಬಂದರು ಎಂದು ಕೇಳಲು ಉಳಿದಿರುವ ಸುಳಿವು ಇಷ್ಟೇ.

ಇಂಥ ಪುಸ್ತಕವನ್ನು ಉಳಿಸುವುದು ನಿಧಾನದ ಕೆಲಸ. ಹಳೆಯ ಶಾಯಿಯಲ್ಲಿ ಕಬ್ಬಿಣದ ಅಂಶ ಇರುತ್ತದೆ. ಕೋಲ್ಕತ್ತದ ಮಳೆಗಾಲದ ತೇವ ತಗುಲಿದರೆ ಆ ಶಾಯಿ ಅಕ್ಷರದ ಆಕಾರದಲ್ಲೇ ಕಾಗದವನ್ನು ತಿಂದು ತೂತು ಮಾಡುತ್ತದೆ. ಮೊದಲು ಮೆತ್ತನೆಯ ಬ್ರಷ್ಷಿನಿಂದ ಒಂದೊಂದೇ ಪುಟದ ಧೂಳು ತೆಗೆಯುತ್ತೇನೆ. ಒದ್ದೆ ಹತ್ತಿಯ ತುದಿ ತಾಗಿಸಿ ಶಾಯಿ ಕರಗುತ್ತದೆಯೇ ಎಂದು ಪರೀಕ್ಷಿಸುತ್ತೇನೆ. ಹರಿದ ಕಡೆ ಉದ್ದ ನಾರಿನ ತೆಳುವಾದ ಜಪಾನಿ ಕಾಗದವನ್ನು ಗೋಧಿ ಪಿಷ್ಟದ ಗೋಂದಿನಲ್ಲಿ ಅಂಟಿಸಿ, ಹೀರುಕಾಗದದ ನಡುವೆ ಭಾರ ಹೇರಿ ಒಣಗಿಸುತ್ತೇನೆ. ಸೆಲೋಟೇಪ್ ಮತ್ತು ಲ್ಯಾಮಿನೇಶನ್ ಹತ್ತಿರವೂ ಸುಳಿಯಬಾರದು. ಮುಂದೆ ಬರುವವರು ಬೇಕೆಂದಾಗ ಬಿಡಿಸಿ ತೆಗೆಯುವಂತಿರಬೇಕು, ಅದೇ ನಮ್ಮ ಕಸುಬಿನ ಮೊದಲ ನಿಯಮ.

ಕೋಲ್ಕತ್ತದಲ್ಲಿ ಸಂಗ್ರಹಗಳೇ ಇಲ್ಲವೆಂದಲ್ಲ. 1806ರ ಬ್ಯಾಂಕ್ ಆಫ್ ಕಲ್ಕತ್ತಾದಿಂದ ಬೆಳೆದು ಬಂದ ಸ್ಟೇಟ್ ಬ್ಯಾಂಕ್ ತನ್ನ ಹಳೆಯ ಕಡತಗಳಿಗೆ ಇಲ್ಲಿ ಸಂಗ್ರಹಾಲಯ ಮಾಡಿದೆ. ಅರ್ಥಶಾಸ್ತ್ರಜ್ಞ ಅಮಿಯ ಕುಮಾರ್ ಬಾಗ್ಚಿ ಬ್ಯಾಂಕಿನ ದೊಡ್ಡ ಚರಿತ್ರೆ ಬರೆಯಲು ಸಾಧ್ಯವಾದದ್ದು ಅದರ ಹಳೆಯ ಕಡತಗಳು ಉಳಿದದ್ದರಿಂದ. ಗುರುಸದಯ ರಸ್ತೆಯಲ್ಲಿ ಬಿರ್ಲಾ ಕುಟುಂಬ ಕೊಟ್ಟ ಮನೆಯಲ್ಲಿ 1959ರ ಮೇ 2ರಂದು ಬಿರ್ಲಾ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಶುರುವಾಯಿತು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಇದರ ತಂಗಿ, 1965ರಲ್ಲಿ ಬಾಗಿಲು ತೆರೆದದ್ದು. ಕೋಲ್ಕತ್ತದ ಬಿರ್ಲಾ ಮ್ಯೂಸಿಯಂನ ಕಲ್ಲಿದ್ದಲು ಗಣಿಯ ಮಾದರಿಯೊಳಗೆ ಇಳಿದ ಮಕ್ಕಳು ಮರೆಯುವುದಿಲ್ಲ. ಯಂತ್ರ ಹೇಗೆ ಓಡುತ್ತದೆ ಎಂಬುದನ್ನು ಈ ಮ್ಯೂಸಿಯಂಗಳು ಚೆನ್ನಾಗಿ ಕಲಿಸುತ್ತವೆ. ಆ ಯಂತ್ರದ ಮುಂದೆ ನಿಂತಿದ್ದವರು ಯಾರು ಎಂಬುದಕ್ಕೆ ಉತ್ತರ ಕಾಗದದಲ್ಲಿದೆ.

ಟ್ರಾಮಿನ ವಿಷಯದಲ್ಲಿ ಈ ಎರಡೂ ಸ್ವಲ್ಪ ಕೂಡಿಬಂದಿವೆ. 1873ರ ಫೆಬ್ರುವರಿ 24ರಂದು ಕುದುರೆಗಳು ಎಳೆದ ಟ್ರಾಮು ಸಿಯಾಲ್ದಾದಿಂದ ಆರ್ಮೇನಿಯನ್ ಘಾಟಿನ ತನಕ ಓಡಿತು. 1902ರಲ್ಲಿ ವಿದ್ಯುತ್ ಬಂತು. 2014ರಲ್ಲಿ ಎಸ್‌ಪ್ಲನೇಡ್‌ನಲ್ಲಿ 1938ರ ಟ್ರಾಮು ಗಾಡಿಯೊಂದನ್ನೇ ‘ಸ್ಮರಣಿಕಾ’ ಎಂಬ ಮ್ಯೂಸಿಯಂ ಮಾಡಿದರು. ಒಳಗೆ ಹಳೆಯ ಟಿಕೆಟ್ಟು, ಪಾಸು, ಸಿಬ್ಬಂದಿಯ ಟೋಪಿ, ಬ್ಯಾಡ್ಜು ಇವೆ. 2024ರಲ್ಲಿ ರಾಜ್ಯ ಸರ್ಕಾರ ಮೈದಾನ–ಎಸ್‌ಪ್ಲನೇಡ್ ಮಾರ್ಗ ಬಿಟ್ಟು ಉಳಿದವನ್ನು ನಿಲ್ಲಿಸುವುದಾಗಿ ಹೇಳಿದ ಮೇಲಂತೂ ಆ ಟಿಕೆಟ್ಟುಗಳ ತೂಕ ಹೆಚ್ಚಿದೆ. ಯಾವ ಬಡಾವಣೆಯಿಂದ ಎಲ್ಲಿಗೆ, ಎಷ್ಟು ಕಾಸಿಗೆ ಜನ ಓಡಾಡಿದರು ಎಂಬುದಕ್ಕೆ ಅಂಗೈಯಗಲದ ಆ ಚೀಟಿ ಸಾಕ್ಷಿ.

ಕಾಗದದ ಒಂದು ಸಾಲು ಏನು ಮಾಡಬಲ್ಲದು ಎನ್ನುವುದಕ್ಕೆ ಟೀಟಾಗಢದ ಕಮ್ಮಾರ ಗೋಲಕ್ ಚಂದ್ರನೇ ಉದಾಹರಣೆ. ಶ್ರೀರಾಮಪುರದ ಮಿಷನರಿಗಳು ಕಾಗದದ ಕಾರ್ಖಾನೆಗೆ ತರಿಸಿದ್ದ ಉಗಿಯಂತ್ರವನ್ನು ನೋಡಿ ಅವನು ಅಂಥದ್ದೇ ಇನ್ನೊಂದು ಕಟ್ಟಿದ. 1828ರಲ್ಲಿ ಕೃಷಿ ಮತ್ತು ತೋಟಗಾರಿಕೆ ಸಂಘದ ಪ್ರದರ್ಶನದಲ್ಲಿ ಅದಕ್ಕೆ 50 ರೂಪಾಯಿ ಬಹುಮಾನ ಸಿಕ್ಕಿತು. ಆ ಬಹುಮಾನವನ್ನು ಯಾರೋ ಬರೆದಿಟ್ಟಿದ್ದರಿಂದ ಅವನ ಹೆಸರು ನಮಗೆ ಗೊತ್ತಿದೆ. ಗಿರಣಿಗಳಲ್ಲಿ ದುಡಿದ ಲಕ್ಷಾಂತರ ಕೈಗಳಿಗೆ ಆ ಭಾಗ್ಯ ಸಿಗಲಿಲ್ಲ.

ಡಂಡೀ ತನ್ನ ಕೆಲಸ ಮಾಡಿಕೊಂಡಿದೆ. ವರ್ಡಂಟ್ ವರ್ಕ್ಸ್ ಎಂಬ ಹಳೆಯ ಗಿರಣಿಯನ್ನು ಸೆಣಬಿನ ಮ್ಯೂಸಿಯಂ ಮಾಡಿ ಯಂತ್ರಗಳನ್ನು ಓಡಿಸಿ ತೋರಿಸುತ್ತಾರೆ. ಹೂಗ್ಲಿ ದಂಡೆಗೂ ಅಂಥದ್ದೊಂದು ಬೇಕು. ಇಲ್ಲಿ ಇನ್ನೂ ಗಿರಣಿಗಳು ಓಡುತ್ತಿವೆ, ಕೇಳಿದರೆ ಹೇಳುವ ಹಿರಿಯರೂ ಇದ್ದಾರೆ. ಡಂಡೀಯ ಕಡತಗಳ ಡಿಜಿಟಲ್ ಪ್ರತಿ ಇಲ್ಲಿಗೂ ಬರಬೇಕು. ಗಿರಣಿ ಮುಚ್ಚಿದಾಗ ಹರಾಜಿನ ಪಟ್ಟಿ ತಯಾರಾಗುವ ಮೊದಲು ಹಾಜರಿ ಪುಸ್ತಕ, ಯೂನಿಯನ್ ಕರಪತ್ರ, ನಕ್ಷೆ, ಟೋಕನ್ನುಗಳನ್ನು ತೆಗೆದಿಡಬೇಕು.

ಕರ್ನಾಟಕದ ಓದುಗರಿಗೂ ನನ್ನದೊಂದು ಕೇಳಿಕೆ. 2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿತು. ದಾವಣಗೆರೆ, ಬೆಂಗಳೂರಿನ ಬಟ್ಟೆ ಗಿರಣಿಗಳ ಸದ್ದು ಅಡಗಿತು. ಅಲ್ಲಿ ದುಡಿದವರ ಮನೆಗಳ ಟ್ರಂಕುಗಳಲ್ಲಿ ಇನ್ನೂ ಸಂಬಳದ ಚೀಟಿ, ಗೇಟ್ ಪಾಸು, ನಿವೃತ್ತಿಯ ದಿನದ ಫೋಟೊ ಇರುತ್ತವೆ. ಫೋಟೊದ ಹಿಂದೆ ಪೆನ್ಸಿಲಿನಲ್ಲಿ ಹೆಸರು, ಖಾತೆ, ವರ್ಷ ಬರೆಯಿರಿ. ಅಪ್ಪ, ಅಮ್ಮ, ಚಿಕ್ಕಪ್ಪಂದಿರನ್ನು ಕೂರಿಸಿ ಮೊಬೈಲಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿ. ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೊ ಗ್ರಂಥಾಲಯಕ್ಕೊ ಒಂದು ಪ್ರತಿ ಕೊಡಿ. ಕಂಪನಿಗಳು ತಮ್ಮ ಲಾಭದ ಲೆಕ್ಕವನ್ನು ತಾವೇ ಇಟ್ಟುಕೊಳ್ಳುತ್ತವೆ. ದುಡಿದವರ ಲೆಕ್ಕವನ್ನು ಅವರ ಮಕ್ಕಳಾದ ನಾವು ಇಡಬೇಕು.